ಡೇಗೆಯ ಸುದ್ದಿ ನಿನಗಿಲ್ಲ

ಬೆಳಗಿನ ಐದೂಮುಕ್ಕಾಲು. ಕೆಂಪು ಸಮುದ್ರದ ನೀರು ಇಳಿದಿದೆ. ಹವಳದ ದಿಬ್ಬದ ಮೇಲೆ ಮೊಣಕಾಲುದ್ದ ನೀರಿನಲ್ಲಿ ಮಬ್ರೂಕಾ ಕೋಲೂರಿಕೊಂಡು ನಡೆಯುತ್ತಿದ್ದಾರೆ, ನಡೆಯುತ್ತಲೇ ಬೈಯುತ್ತಿದ್ದಾರೆ. ಯಾರನ್ನು ಎಂದು ಕೇಳಬೇಕಾಗಿಲ್ಲ. ದೂರದಲ್ಲಿ, ಹೋಟೆಲುಗಳ ದಿಕ್ಕಿನಲ್ಲಿ, ಪ್ರವಾಸಿ ದೋಣಿಯೊಂದರ ಜನರೇಟರು ಆಗಲೇ ಗುಡುಗುಟ್ಟುತ್ತಿದೆ.

"ಸೂರ್ಯ ಇನ್ನೂ ಎದ್ದಿಲ್ಲ, ಇವರು ಎದ್ದುಬಿಟ್ರು ನೋಡು. ಇವರ ಇಂಜಿನ್ನಿಗೆ ಮಣ್ಣು ಬೀಳ!"

ಕಾಂಡ್ಲ ಗಿಡಗಳ ಗುಂಪೊಂದರ ಹಿಂದೆ ಅವರು ನಿಲ್ಲುತ್ತಾರೆ. ಅಲ್ಲಿಂದ ಗೂಡಿಗೆ ಇನ್ನೂರು ಹೆಜ್ಜೆ. ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ಕೊರಳಿಗೆ ನೇತುಹಾಕಿಕೊಂಡ ದುರ್ಬೀನಿನಲ್ಲಿ ಒಂದೇ ಗಾಜು ನೆಟ್ಟಗಿದೆ, ಇನ್ನೊಂದು ಮೂರು ವರ್ಷದ ಹಿಂದೆಯೇ ಒಡೆದಿದೆ. ಎಡಗಣ್ಣು ಮುಚ್ಚಿ ಬಲಗಣ್ಣಿನಲ್ಲಿ ನೋಡುತ್ತಾರೆ. ಮೀನನ್ನೇ ಬೇಟೆಯಾಡುವ ಹದ್ದಿನಂಥ ಹಕ್ಕಿ ಮೀನುಡೇಗೆ; ಅದರ ಗೂಡು ಬರಿ ಮರಳಿನ ಮೇಲೆಯೇ ಇದೆ, ಸೊಂಟದೆತ್ತರ. ಈ ಕರಾವಳಿಯ ನಡುಗಡ್ಡೆಗಳಲ್ಲಿ ದೊಡ್ಡ ಮರವೆಲ್ಲಿಂದ ಬರಬೇಕು? ತೇಲಿ ಬಂದ ಕಟ್ಟಿಗೆ, ನೀಲಿ ಹಗ್ಗ, ಆಮೆಯ ಎಲುಬು, ಒಂದು ಗೊಂಬೆಯ ಕೈ, ಜೊತೆಗೆ ಹೋಟೆಲಿನವರು ಹಂಚುವ ಬಿಳಿ ಚಪ್ಪಲಿಗಳು. ಹದಿನೇಳು ಚಪ್ಪಲಿ ಎಂದು ಎಣಿಸಿಟ್ಟಿದ್ದಾರೆ. ಹಾಗಾಗಿ ಇದಕ್ಕೆ ಅವರಿಟ್ಟ ಹೆಸರು ಚಪ್ಪಲಿ ಗೂಡು.

ಹೆಣ್ಣು ಡೇಗೆ ಕಾವಿಗೆ ಕೂತಿದೆ. ಅದರ ಹೊಟ್ಟೆಯಡಿ ಮೂರು ಮೊಟ್ಟೆ, ಇವತ್ತಿಗೆ ಮೂವತ್ತಾರು ದಿನ. ಇನ್ನೆರಡು ಮೂರು ದಿನ ಯಾರೂ ಅದನ್ನು ಎಬ್ಬಿಸದಿದ್ದರೆ ಮೊಟ್ಟೆ ಒಡೆಯುತ್ತವೆ. ಗಂಡು ಹಕ್ಕಿ ಮೀನು ಹಿಡಿದು ತರುತ್ತದೆ, ತಲೆಯಿಲ್ಲದ ಮೀನು. ಮಬ್ರೂಕಾಗೆ ಇಷ್ಟು ಹೊತ್ತಿನಲ್ಲಿ ಮೊದಲ ಬಾರಿ ನಗು ಬರುತ್ತದೆ. "ತಲೆ ತಾನು ನುಂಗಿ, ಮುಂಡ ಹೆಂಡ್ತಿಗೆ. ನಮ್ಮೋನೂ ಹಿಂಗೇ ಇದ್ದ."

ಈ ನಡುಗಡ್ಡೆ ಯಾವುದು ಎಂದು ಪತ್ರಿಕೆಯ ಈ ಬರಹದಲ್ಲಿ ಬರೆದಿಲ್ಲ. ಅದು ಮಬ್ರೂಕಾ ಹಾಕಿದ ಷರತ್ತು, ಅದರ ಹಿಂದೆ ಒಂದು ಸಿಟ್ಟಿನ ಕಥೆಯಿದೆ.

ಮಬ್ರೂಕಾಗೆ ಅರವತ್ತೊಂದು ವರ್ಷ. ಈಜಿಪ್ಟಿನ ದಕ್ಷಿಣ ಕರಾವಳಿಯ ಮರ್ಸಾ ಸಲ್ಲಿಮ್ ಎಂಬ ನಲವತ್ತು ಮನೆಯ ಹಳ್ಳಿ, ಅಬಾಬ್ದಾ ಬುಡಕಟ್ಟಿನ ಜನ. ಗಂಡ ಬಲೆ ಹಾಕಲು ಹೋದವನು ಹದಿಮೂರು ವರ್ಷದ ಹಿಂದೆ ವಾಪಸು ಬರಲಿಲ್ಲ. ನೀರಿಳಿದಾಗ ಚಿಪ್ಪು ಹೆಕ್ಕುವುದು, ಕಲ್ಲಿನ ಸಂದಿಯಿಂದ ಆಕ್ಟೋಪಸ್ ಎಳೆಯುವುದು, ಆರು ಮೇಕೆ, ಇಷ್ಟೇ ಬದುಕು. ಚಿಪ್ಪು ಹೆಕ್ಕುತ್ತ ಹೆಕ್ಕುತ್ತ ಡೇಗೆಗಳು ಪರಿಚಯವಾದವು. ಎಂಟು ವರ್ಷದ ಹಿಂದೆ ರಕ್ಷಿತ ಪ್ರದೇಶದ ಕಚೇರಿಯಿಂದ ಗೂಡು ಎಣಿಸಲು ಬಂದವರು ಮೂರು ದಿನ ಅಲೆದು ನಾಲ್ಕು ಗೂಡು ಕಂಡರು. ಮಬ್ರೂಕಾ ತಮ್ಮ ಮನೆಯ ಜಗಲಿಯಲ್ಲಿ ಕೂತೇ ಹನ್ನೊಂದರ ಲೆಕ್ಕ ಕೊಟ್ಟರು. ಅಂದಿನಿಂದ ಅವರು ಕಚೇರಿಯ 'ಸ್ವಯಂಸೇವಕಿ'. ಸಂಬಳವಿಲ್ಲದ ಕೆಲಸಕ್ಕೆ ಇಂಥ ಒಂದು ಚೆಂದದ ಹೆಸರು ಎಲ್ಲ ದೇಶದಲ್ಲೂ ಇರುತ್ತದೆ.

ಡಿಸೆಂಬರಿನಿಂದ ಏಪ್ರಿಲ್ ಮುಗಿಯುವವರೆಗೆ ದಿನ ಬಿಟ್ಟು ದಿನ ಏಳು ಕಿಲೋಮೀಟರು ನಡಿಗೆ, ಅದರಲ್ಲಿ ಅರ್ಧ ನೀರಿನಲ್ಲಿ. ಒಂದೊಂದು ಗೂಡಿಗೆ ಅರ್ಧ ಗಂಟೆ. ಹಕ್ಕಿ ಕೂತಿದೆಯೋ ಎದ್ದಿದೆಯೋ, ಮೀನು ಎಷ್ಟು ಬಂತು, ಕಾಗೆ ಸುಳಿಯಿತೇ, ಮರಳಿನ ಮೇಲೆ ಮನುಷ್ಯರ ಹೆಜ್ಜೆಯಿದೆಯೇ. ಅವರಿಗೆ ಓದು ಬರಹ ಬಾರದು, ಯಾವುದನ್ನೂ ಬರೆದಿಡುವುದಿಲ್ಲ. ಪ್ರತಿ ಗುರುವಾರ ಕಚೇರಿಯ ರೀಹಾಮ್ ಎಂಬ ಹುಡುಗಿ ಜೀಪಿನಲ್ಲಿ ಬರುತ್ತಾಳೆ. ಮಬ್ರೂಕಾ ಉತ್ತರದಿಂದ ದಕ್ಷಿಣಕ್ಕೆ ಒಂದೊಂದೇ ಗೂಡಿನ ಸುದ್ದಿ ಹೇಳುತ್ತ ಹೋಗುತ್ತಾರೆ, ರೀಹಾಮ್ ಬರೆದುಕೊಳ್ಳುತ್ತಾಳೆ. "ಒಂದ್ಸಲ ಪರೀಕ್ಷೆ ಮಾಡೋಣ ಅಂತ ಎರಡು ವಾರದ ಹಿಂದಿನದ್ದನ್ನ ಮತ್ತೆ ಕೇಳಿದೆ" ಎನ್ನುತ್ತಾಳೆ ರೀಹಾಮ್. "ಒಂದಕ್ಷರ ಬದಲಾಗಲಿಲ್ಲ. ಆಮೇಲೆ ನನಗೇ ನಾಚಿಕೆ ಆಯ್ತು."

ಬದಲಾಗುವುದಾದರೂ ಹೇಗೆ? ಅಬಾಬ್ದಾ ಜನಕ್ಕೆ ಸುದ್ದಿ ಹೇಳುವುದು ಹರಟೆಯಲ್ಲ. ಇಬ್ಬರು ಎದುರಾದರೆ ಮೊದಲು ಸಲಾಮು, ಆಮೇಲೆ ಕಾಫಿ, ಆಮೇಲೆ ಸುದ್ದಿ. ಅದಕ್ಕೆ ಸಕನಾಬ್ ಎನ್ನುತ್ತಾರೆ. ಎಲ್ಲಿ ಮಳೆ ಬಿತ್ತು, ಯಾವ ಬಾವಿಯಲ್ಲಿ ನೀರಿದೆ, ಯಾರ ಒಂಟೆ ಎಲ್ಲಿ ಕಂಡಿತು, ದಾರಿಯಲ್ಲಿ ಎಂಥ ಹೆಜ್ಜೆ ಗುರುತಿತ್ತು, ಕಂಡದ್ದನ್ನೆಲ್ಲ ಕಂಡ ಹಾಗೆ ಹೇಳಬೇಕು. ಸುದ್ದಿಯಲ್ಲಿ ಸುಳ್ಳು ಸೇರಿಸಿದವನ ಮಾತಿನ ಮೇಲೆ ಮರುಭೂಮಿಯಲ್ಲಿ ಒಬ್ಬ ಬಾವಿಯಿಲ್ಲದ ಕಡೆ ಹೋಗಿ ಸತ್ತಾನು. ಅದಕ್ಕೇ ಇಲ್ಲಿ ಕಳ್ಳನಿಗೆ ಕ್ಷಮೆಯುಂಟು, ಸುಳ್ಳು ಸುದ್ದಿ ಹೇಳಿದವನಿಗೆ ಇಲ್ಲ. ಕೇಳಿದವನಿಗೆ ಸುದ್ದಿ ಕೊಡದಿರುವುದು ಅದಕ್ಕಿಂತಲೂ ಅಪರೂಪ. ಅಂಥದ್ದು ನಡೆದದ್ದನ್ನು ಹಳ್ಳಿಯಲ್ಲಿ ಯಾರೂ ಕಂಡಿರಲಿಲ್ಲ.

"ನಾನು ಎರಡು ತಪ್ಪು ಮಾಡಿದ್ದೀನಿ" ಎನ್ನುತ್ತಾರೆ ಮಬ್ರೂಕಾ. "ಮೊದಲನೇದು ಈ ಕೈಯಿಂದ, ಎರಡನೇದು ಈ ಬಾಯಿಂದ."

ಕೈಯಿಂದಾದದ್ದು ಮೊದಲ ವರ್ಷ. ಬಿಸಿಲು ವಿಪರೀತವಾಗಿತ್ತು, ಹೆಣ್ಣು ಡೇಗೆ ರೆಕ್ಕೆ ಬಿಡಿಸಿ ಮೊಟ್ಟೆಗಳಿಗೆ ನೆರಳು ಹಿಡಿದು ಬಾಯಿ ಕಳೆದು ಏದುಸಿರು ಬಿಡುತ್ತಿತ್ತು. ಬಿಸಿಲಲ್ಲಿ ಕೂತವರಿಗೆ ನೆರಳು ಮಾಡಿಕೊಡದೆ ಮುಂದೆ ಹೋಗುವ ಹೆಂಗಸು ಆ ಹಳ್ಳಿಯಲ್ಲಿ ಹುಟ್ಟಿಲ್ಲ. ನಾಲ್ಕು ಕೋಲು ನೆಟ್ಟು, ಗೋಣಿ ಕಟ್ಟಿ, ಗೂಡಿಗೆ ಚಪ್ಪರ ಹಾಕಿ ಬಂದರು. ಗೋಣಿ ಗಾಳಿಗೆ ಪಟಪಟ ಬಡಿದುಕೊಂಡಿತು. ಹಕ್ಕಿ ಹತ್ತಿರ ಬರಲೇ ಇಲ್ಲ. "ಅತಿಥಿಗೆ ಮಾಡೋ ಹಾಗೆ ಮಾಡಿದ್ದೆ. ಅದು ಅತಿಥಿ ಅಲ್ಲ, ಮನೆಯೊಡತಿ ಅಂತ ತಿಳೀಲಿಲ್ಲ." ಇನ್ನೂರು ಹೆಜ್ಜೆಯ ಕಟ್ಟಳೆಯನ್ನು ಅವರು ತಮಗೆ ತಾವೇ ಹಾಕಿಕೊಂಡದ್ದು ಅವತ್ತು. ಯಾವ ಕಚೇರಿಯೂ ಹೇಳಿಕೊಟ್ಟದ್ದಲ್ಲ.

ಬಾಯಿಂದಾದದ್ದು ಹೋದ ವರ್ಷ. ಮಬ್ರೂಕಾಗೆ ಜ್ವರ. ತಂಗಿಯ ಮಗ ಕರ್ರಾರ್ ನೋಡಲು ಬಂದ. ಪ್ರವಾಸಿಗರನ್ನು ಕೂರಿಸಿಕೊಂಡು ಹವಳ ತೋರಿಸುವ ದೊಡ್ಡ ಬಿಳಿ ದೋಣಿಯ ಮಾಲೀಕನವನು. ಕಿತ್ತಳೆ ತಂದಿದ್ದ, ಕಾಲು ಒತ್ತಿದ. ಆಮೇಲೆ, "ದೊಡ್ಡಮ್ಮಾ, ಸುದ್ದಿ ಹೇಳು" ಎಂದ. ಮಬ್ರೂಕಾ ಹೇಳಿದರು. ಮಳೆಯಿಲ್ಲ, ಮೇಕೆ ಅವಳಿ ಹಾಕಿದೆ, ಬಾವಿಯ ನೀರು ಉಪ್ಪಾಗಿದೆ, ತುಕ್ಕು ಹಿಡಿದ ಡ್ರಮ್ಮಿನ ಮೇಲಿನ ಗೂಡು ಖಾಲಿ. ಚಪ್ಪಲಿ ಗೂಡಿನಲ್ಲಿ ಮೂರು ಮೊಟ್ಟೆ, ಮೂವತ್ತು ದಿನವಾಗಿದೆ. ಅದು ಯಾವ ನಡುಗಡ್ಡೆ, ಯಾವ ತುದಿ, ಎಲ್ಲ. ಸುದ್ದಿ ಪೂರ್ತಿಯಾಗಬೇಕಲ್ಲ, ಅದಕ್ಕೆ ಇನ್ನೂ ಒಂದು ಮಾತು ಸೇರಿಸಿದರು: "ತಾಳ್ಮೆಯ ಹೆಣ್ಣು ಕಣೋ ಅದು. ಸುಲಭಕ್ಕೆ ಹಾರಲ್ಲ."

ಮರುದಿನ ಹನ್ನೊಂದು ಗಂಟೆಗೆ ಬಿಳಿ ದೋಣಿ ನೆಟ್ಟಗೆ ಅಲ್ಲಿಗೇ ಹೋಯಿತು. ಮೂವತ್ನಾಲ್ಕು ಜನ ಇಳಿದರು. ನೀರು ಏರಿತ್ತು, ನಡೆದು ದಾಟುವಂತಿರಲಿಲ್ಲ. ದಂಡೆಯಿಂದ ಅದನ್ನು ಕಂಡ ಮಬ್ರೂಕಾ ಜ್ವರದ ಮೈಯಲ್ಲೇ ಎದೆಮಟ್ಟ ನೀರಿಗಿಳಿದು, ಮೈಮೇಲಿನ ಹೊದಿಕೆ ಕಿತ್ತು ಬೀಸಿದರು, ಕೂಗಿದರು. "ಅವರು ನನ್ನ ನೋಡಿದ್ರು. ನೋಡಿ ನಗ್ತಾ ಅವರೂ ಕೈ ಬೀಸಿದ್ರು! ಒಬ್ಬಳು ನನ್ನ ಫೋಟೋನೂ ತೆಗೆದ್ಲು." ತಾಳ್ಮೆಯ ಹೆಣ್ಣು ಕೊನೆಗೂ ಹಾರಿತು. ಒಂದು ಗಂಟೆ ಹತ್ತು ನಿಮಿಷ ತಲೆಯ ಮೇಲೆ ಸುತ್ತಿ ಸುತ್ತಿ ಅರಚಿತು. ಕೆಳಗೆ ಮಾರ್ಚ್ ತಿಂಗಳ ಬಿಸಿಲಿನಲ್ಲಿ ಮೊಟ್ಟೆಗಳು ಬಿದ್ದಿದ್ದವು, ಸುತ್ತ ಜನ ಮೊಣಕಾಲೂರಿ ಮೊಬೈಲು ಹಿಡಿದಿದ್ದರು.

ಸಂಜೆ ನೀರಿಳಿದ ಮೇಲೆ ಅವರು ಇನ್ನೂರು ಹೆಜ್ಜೆಯ ಕಟ್ಟಳೆ ಮುರಿದು ಹತ್ತಿರ ಹೋದರು. ಒಂದನ್ನು ಕಾಗೆ ಒಯ್ದಿತ್ತು. ಉಳಿದೆರಡು ಇದ್ದವು. "ಮುಟ್ಟಿದ್ರೆ ಒಲೆಯಿಂದ ಇಳಿಸಿದ ಹಾಗೆ ಬಿಸಿ." ಡೇಗೆ ಆ ಸತ್ತ ಮೊಟ್ಟೆಗಳ ಮೇಲೆ ಮತ್ತೆ ಇಪ್ಪತ್ತೆರಡು ದಿನ ಕಾವು ಕೂತಿತು. ಮಬ್ರೂಕಾ ಹನ್ನೊಂದು ಬಾರಿ ಹೋಗಿ ಅದನ್ನೂ ನೋಡಿದರು, ಗುರುವಾರ ಗುರುವಾರ ಅದನ್ನೂ ಹೇಳಿದರು. ರೀಹಾಮ್ ಬರೆದುಕೊಂಡಳು.

ದೂರು ಕೊಟ್ಟರು. ಕಚೇರಿಯ ದೊಡ್ಡ ಮೇಜಿನ ಹಿಂದಿದ್ದವರು ಸಾಕ್ಷಿಗೆ ಫೋಟೋ ಇದೆಯೇ ಎಂದು ಕೇಳಿದರು. "ಇದೆಯಲ್ಲ ಸ್ವಾಮಿ, ಮೂವತ್ನಾಲ್ಕು ಜನರ ಹತ್ರ ಇದೆ. ಹೋಗಿ ಇಸ್ಕೊಳ್ಳಿ" ಎಂದು ಹೇಳಿ ಎದ್ದು ಬಂದರು. ಕಡತ ಇನ್ನೂ ಅಲ್ಲೇ ಇದೆ, ಅದಕ್ಕೂ ಯಾವುದೋ ಹಕ್ಕಿ ಕಾವು ಕೂತಿರಬೇಕು. ಹಳ್ಳಿಯ ಹಿರಿಯ ಶೇಖ್ ತುಹಾಮಿ ಪಂಚಾಯಿತಿ ಸೇರಿಸಿದರು. ಕರ್ರಾರ್ ಎದ್ದು ನಿಂತು ಒಂದೇ ಮಾತು ಹೇಳಿದ: "ನಾನೇನು ಕದ್ದು ನೋಡಿದ್ನಾ? ದೊಡ್ಡಮ್ಮನೇ ಬಾಯಾರೆ ಹೇಳಿದ್ಲು." ಕೂತವರೆಲ್ಲ ತಿರುಗಿ ಮಬ್ರೂಕಾ ಕಡೆ ನೋಡಿದರು. ಆ ನೋಟ ನೆನೆದರೆ ಈಗಲೂ ಅವರು ಕೋಲನ್ನು ನೆಲಕ್ಕೆ ಕುಟ್ಟುತ್ತಾರೆ.

ಗಾಯಕ್ಕೆ ಉಪ್ಪು ಸುರಿಯುವುದು ಇನ್ನೂ ಬಾಕಿಯಿತ್ತು. ಆರು ತಿಂಗಳ ನಂತರ ಒಂದು ಹೋಟೆಲಿನ ಸಭಾಂಗಣದಲ್ಲಿ, ಪ್ರವಾಸಿಗರಿಗೆ ಹಕ್ಕಿ ತೋರಿಸಿದ್ದಕ್ಕೆಂದು, ಕರ್ರಾರ್‌ಗೆ 'ಪಕ್ಷಿಮಿತ್ರ' ಎಂಬ ಫಲಕ ಕೊಟ್ಟರು, ಹಾರ ಹಾಕಿದರು. ಅವನು ದೋಣಿಯ ಪಕ್ಕಕ್ಕೆ ಆಳೆತ್ತರದ ಹಕ್ಕಿಯ ಚಿತ್ರ ಬರೆಸಿದ. ಮಬ್ರೂಕಾ ಅದನ್ನು ನೋಡಲೆಂದೇ ದಂಡೆಗೆ ಹೋದರು. "ಅಯ್ಯೋ ನಿನ್ನ! ಅದು ನಮ್ಮ ಡೇಗೆನೇ ಅಲ್ಲ. ಯಾವುದೋ ಬಿಳಿ ತಲೆ ಹದ್ದು, ಯಾವ ದೇಶದ್ದೋ. ಕೊಂದ ಹಕ್ಕಿಯ ಮುಖನೂ ನೆನಪಿಲ್ವಲ್ಲೋ ನಿನಗೆ ಅಂದೆ." ಅವನು ಬಣ್ಣ ಬಳಿಯುವವನನ್ನು ಬೈದನಂತೆ.

ಈ ವರ್ಷ ಅದೇ ಜೋಡಿ ಮತ್ತೆ ಬಂತು. ಹಳೆಯ ಗೂಡಿಗೆ ಹೋಗಲಿಲ್ಲ. ಹಳೆಯದರ ಚಪ್ಪಲಿಗಳನ್ನೇ ಒಂದೊಂದಾಗಿ ಕಿತ್ತು ಹೊತ್ತು, ಬೇರೆ ನಡುಗಡ್ಡೆಯಲ್ಲಿ ಹೊಸ ಗೂಡು ಕಟ್ಟಿತು, ಹಳೆಯ ಹೆಸರೂ ಜೊತೆಗೇ ಬಂತು. ಮಬ್ರೂಕಾಗೆ ಗೊತ್ತು, ಕರ್ರಾರ್‌ಗೆ ಗೊತ್ತಿಲ್ಲ. ಹೋಟೆಲಿನವರು ಅವನನ್ನು ದಿನಾ ಪೀಡಿಸುತ್ತಿದ್ದಾರೆ, ಮರಿ ಇರುವ ಗೂಡು ತೋರಿಸು ಎಂದು. ಅವನು ಇವತ್ತೋ ನಾಳೆಯೋ ಸುದ್ದಿ ಕೇಳಿಕೊಂಡು ಬರುತ್ತಾನೆ. ಆಗ ಏನು ಮಾಡುವುದು?

"ಗೂಡು ಕಟ್ಟಿಲ್ಲ ಅಂದುಬಿಡು. ಮುಗೀತಲ್ಲ" ಎಂದರು ಶೇಖ್ ತುಹಾಮಿ. ಎಪ್ಪತ್ತೈದು ವರ್ಷದ ಮನುಷ್ಯ, ಒಳ್ಳೆಯದಕ್ಕೇ ಹೇಳಿದ್ದು. ಮಬ್ರೂಕಾ ಅವರನ್ನೂ ಬಿಡಲಿಲ್ಲ. "ನೀವು ಹೇಳೋ ಮಾತಾ ಇದು? ನನ್ನ ಹತ್ರ ಇರೋದು ನಾಲಗೆ ಒಂದೇ. ಅದರಲ್ಲಿ ಒಂದು ಸುಳ್ಳು ಸೇರಿದ್ರೆ ಆ ಹುಡುಗಿ ಎಂಟು ವರ್ಷ ಬರೆದಿದ್ದೆಲ್ಲ ಕಸ. ನಾಳೆ ಯಾರಾದ್ರೂ, 'ಮುದುಕಿ ಬೇಕಾದ ಹಾಗೆ ಹೇಳ್ತಾಳೆ' ಅಂದ್ರೆ ಏನಂತ ಉತ್ತರ ಕೊಡ್ಲಿ?"

ಈಗ, ಮೂವತ್ತಾರನೆಯ ದಿನದ ಬೆಳಿಗ್ಗೆ, ಮಬ್ರೂಕಾ ನೀರಿನಿಂದ ಮನೆಗೆ ಬಂದು ಒದ್ದೆ ಬಟ್ಟೆ ಬದಲಿಸಿ ಕೆಂಡದಲ್ಲಿ ರೊಟ್ಟಿ ಸುಡುತ್ತಿದ್ದಾರೆ. ಎಂಟು ಗಂಟೆ. ಹಲಗೆ ಮನೆಯ ಜಗಲಿಯಲ್ಲಿ ಶೇಖ್ ತುಹಾಮಿ ಕೂತಿದ್ದಾರೆ, ನೆರೆಮನೆಯ ಹೆಂಗಸರಿಬ್ಬರು ಕೂತಿದ್ದಾರೆ. ಕರ್ರಾರ್ ಬರುತ್ತಾನೆ. ಇಸ್ತ್ರಿ ಮಾಡಿದ ಅಂಗಿ, ಕಪ್ಪು ಕನ್ನಡಕ, ಕೈಯಲ್ಲಿ ಮತ್ತೆ ಕಿತ್ತಳೆ. ಸಲಾಮು ಆಗುತ್ತದೆ. ಮಬ್ರೂಕಾ ಕಾಫಿ ಬೀಜ ಹುರಿದು, ಶುಂಠಿ ಸೇರಿಸಿ ಕುಟ್ಟಿ, ಮಣ್ಣಿನ ಕುಡಿಕೆಯಲ್ಲಿ ಕುದಿಸುತ್ತಾರೆ. ಮನೆಗೆ ಬಂದವನಿಗೆ ಕಾಫಿಯಿಲ್ಲ ಎನ್ನುವಂತಿಲ್ಲ, ಅವನು ಯಾರೇ ಆಗಿರಲಿ. ಮೊದಲ ಬಟ್ಟಲು, ಎರಡನೆಯ ಬಟ್ಟಲು.

"ದೊಡ್ಡಮ್ಮಾ, ಸುದ್ದಿ ಹೇಳು."

ಮಬ್ರೂಕಾ ಮಂಡಿ ಮೇಲೆ ಕೈಯಿಟ್ಟು ಶುರುಮಾಡುತ್ತಾರೆ. ಮಳೆ ಗುಡ್ಡದ ಕಡೆ ಹನಿಯಿತಂತೆ, ಇಲ್ಲಿಲ್ಲ. ಬಾವಿಯ ನೀರು ಕುಡಿಯಬಹುದು. ಕಪ್ಪು ಮೇಕೆಗೆ ಕಾಲು ಕುಂಟು. ದಂಡೆಯಲ್ಲಿ ಒಂದು ಸತ್ತ ಆಮೆ ಬಂದಿದೆ, ಹೊಟ್ಟೆಯಲ್ಲಿ ಪ್ಲಾಸ್ಟಿಕ್ಕು. ಒಂದೊಂದನ್ನೂ ಕ್ರಮವಾಗಿ, ವಿವರವಾಗಿ ಹೇಳುತ್ತಾರೆ. ಸಮುದ್ರದವರೆಗೆ ಬಂದು ನಿಲ್ಲುತ್ತಾರೆ.

"ಆಮೇಲೆ?" ಎನ್ನುತ್ತಾನೆ ಕರ್ರಾರ್. "ಡೇಗೆ?"

"ಡೇಗೆ ಸುದ್ದಿ ಇದೆ. ನಿನಗಿಲ್ಲ."

ನೆರೆಮನೆಯ ಹೆಂಗಸೊಬ್ಬಳ ಕೈ ಬಾಯಿಗೆ ಹೋಗುತ್ತದೆ. ಕರ್ರಾರ್ ನಗಲು ನೋಡುತ್ತಾನೆ, ನಗು ಅರ್ಧಕ್ಕೇ ಒಣಗುತ್ತದೆ. "ಏನಂದೆ?"

"ಕೇಳಿಸ್ಲಿಲ್ವಾ? ಕಿವಿಗೂ ಕಪ್ಪು ಕನ್ನಡಕ ಹಾಕ್ಕೊಂಡಿದ್ದೀಯಾ? ಮಳೆ ಕೇಳಿದೆ, ಹೇಳ್ದೆ. ಬಾವಿ ಕೇಳಿದೆ, ಹೇಳ್ದೆ. ಯಾಕಂದ್ರೆ ನೀನೂ ನೀರು ಕುಡಿಯೋ ಜೀವ. ಹೋದ ವರ್ಷ ನಾನು ಕೊಟ್ಟ ಸುದ್ದಿನ ಒಯ್ದು ಮಾರ್ದೆ ನೀನು. ಮಾರೋನಿಗೆ ನನ್ನ ಹತ್ರ ಸುದ್ದಿ ಇಲ್ಲ."

"ಒಂದು ಹಕ್ಕಿಗೋಸ್ಕರ ನನ್ನ ಮರ್ಯಾದೆ ತೆಗೀತೀಯಾ? ನೀನೇ ಹೆತ್ತಿರೋ ಹಾಗೆ ಆಡ್ತೀಯಲ್ಲ! ನಂಗೂ ಹೆಂಡ್ತಿ ಮಕ್ಕಳಿದ್ದಾರೆ, ದೊಡ್ಡಮ್ಮಾ. ಹೋಟೆಲಿನವರು ತೋರ್ಸು ಅಂತಾರೆ, ನಾನೇನ್ಮಾಡ್ಲಿ?"

"ಇನ್ನೂರು ಹೆಜ್ಜೆ ದೂರದಿಂದ ತೋರ್ಸು. ಎಂಟು ವರ್ಷದಿಂದ ನಾನು ನೋಡ್ತಿಲ್ವಾ? ನಿನ್ನ ಜನಕ್ಕೆ ಎರಡು ಕಣ್ಣಿನ ದುರ್ಬೀನಿದೆ, ನನಗಿರೋದು ಒಂದು."

ಕರ್ರಾರ್ ಶೇಖ್ ತುಹಾಮಿ ಕಡೆ ತಿರುಗುತ್ತಾನೆ. "ಹಿರಿಯರು ನೀವಾದ್ರೂ ಹೇಳಿ. ಸುದ್ದಿ ತಡೆಯೋದು ನಮ್ಮಲ್ಲಿ ಉಂಟಾ?"

ಶೇಖ್ ಬಟ್ಟಲನ್ನು ನೆಲಕ್ಕಿಡುತ್ತಾರೆ. "ಇರ್ಲಿಲ್ಲ" ಎನ್ನುತ್ತಾರೆ. "ಸುದ್ದಿ ಮಾರೋದೂ ಇರ್ಲಿಲ್ಲ ಕಣಪ್ಪ."

ಮೂರನೆಯ ಬಟ್ಟಲು ತುಂಬಿಟ್ಟಿದೆ. ಕರ್ರಾರ್ ಅದನ್ನು ಮುಟ್ಟದೆ ಎದ್ದು ಹೋಗುತ್ತಾನೆ. ಎರಡಕ್ಕೇ ಎದ್ದುಹೋಗುವುದು ಮನೆಗೆ ಮಾಡುವ ಅವಮಾನ, ಕೂತವರಿಗೆಲ್ಲ ಗೊತ್ತು. ಮಬ್ರೂಕಾ ಆ ಬಟ್ಟಲನ್ನು ಎತ್ತಿಕೊಂಡು ತಾವೇ ಕುಡಿಯುತ್ತಾರೆ. ಕಿತ್ತಳೆಗಳನ್ನು ಮೇಕೆಗಳ ಮುಂದೆ ಸುರಿಯುತ್ತಾರೆ.

ಮಾತು ಹಳ್ಳಿಯಲ್ಲಿ ಹರಡಲು ಒಂದು ಹಗಲು ಸಾಕಾಗುತ್ತದೆ. ಮರುದಿನ ಬೆಳಿಗ್ಗೆ ದೋಣಿಕಟ್ಟೆಯ ಬಳಿ ಬಲೆ ಬಿಡಿಸುತ್ತಿದ್ದ ಮೀನುಗಾರನೊಬ್ಬನನ್ನು ಕರ್ರಾರ್ ಹೊರಗಿನ ದಿಬ್ಬದ ಕಡೆ ಗಾಳಿ ಹೇಗಿದೆ ಎಂದು ಕೇಳುತ್ತಾನೆ. ಅವನು ತಲೆಯೆತ್ತದೆ, "ಮಬ್ರೂಕಾನ ಕೇಳು" ಎನ್ನುತ್ತಾನೆ. ಇನ್ನೊಬ್ಬನನ್ನು ಕೇಳಿದರೆ ಅವನೂ ಅದೇ ಮಾತು. ಹವಳದ ದಿಬ್ಬಗಳ ನಡುವೆ ದೋಣಿ ನಡೆಸುವವನಿಗೆ ಬೇರೆಯವರ ಸುದ್ದಿಯೇ ಅರ್ಧ ಕಣ್ಣು. ಬಿಳಿ ದೋಣಿ ಆ ದಿನ ಹೋಟೆಲಿನ ಎದುರಿನ ನೀರಿನಲ್ಲೇ ಎರಡು ಸುತ್ತು ಹಾಕಿ ಲಂಗರು ಹಾಕುತ್ತದೆ. ಪಕ್ಕದಲ್ಲಿ ಯಾವ ದೇಶದ್ದೋ ಹದ್ದು ಕಣ್ಣು ಬಿಟ್ಟುಕೊಂಡು ನೋಡುತ್ತಿರುತ್ತದೆ.

ಇದರಿಂದ ಮಬ್ರೂಕಾಗೆ ಖುಷಿಯಾಗಿದೆ ಎಂದುಕೊಂಡರೆ ತಪ್ಪು. "ಎತ್ತಿ ಆಡಿಸಿದ ಮಗು ಅದು" ಎಂದು ಮುಖ ತಿರುಗಿಸುತ್ತಾರೆ. ಆಮೇಲೆ ಯಾರೂ ಕೇಳದಿದ್ದರೂ ಹೇಳುತ್ತಾರೆ, ಈ ಸಲ ಮೆಲ್ಲಗೆ: "ನನಗಿರೋ ಆಸೆ ಒಂದೇ. ಸಾಯೋದ್ರೊಳಗೆ ಒಂದು ದಿನ ಅವನು ಬಂದು ಕೂತ್ಕೋಬೇಕು, ಮೂರು ಬಟ್ಟಲೂ ಕುಡೀಬೇಕು. ಅವನಿಗೆ ನಾನು ಪೂರ್ತಿ ಸುದ್ದಿ ಹೇಳ್ಬೇಕು, ಹನ್ನೊಂದು ಗೂಡಿಂದೂ. ಹೇಳಿದ ಮೇಲೂ ರಾತ್ರಿ ನಿದ್ದೆ ಬರ್ಬೇಕು."

ಮೂವತ್ತೊಂಬತ್ತನೆಯ ದಿನ ಗುರುವಾರ. ರೀಹಾಮ್ ಪುಸ್ತಕ ತೆರೆದು ಕೂತಿದ್ದಾಳೆ. ಚಪ್ಪಲಿ ಗೂಡಿನ ಸರದಿ ಬರುತ್ತದೆ. "ಎರಡು ಒಡೆದಿವೆ. ಗಂಡು ತಂದ ಮೀನನ್ನ ತಾಯಿ ಎಳೆ ಎಳೆಯಾಗಿ ಬಿಡಿಸಿ ಬಗ್ಗಿ ಬಗ್ಗಿ ತಿನ್ನಿಸ್ತಿತ್ತು. ಎರಡು ತಲೆ ಎಣಿಸಿದೆ. ಮೂರನೇದು ಒಡೆದಿತ್ತೋ ಇಲ್ವೋ, ಕಾಣ್ಲಿಲ್ಲ. ಕಾಣದ್ದನ್ನ ಹೇಳಲ್ಲ."

ಪತ್ರಿಕೆಯವರು ಯಾವ ನಡುಗಡ್ಡೆಯೆಂದು ಬರೆದುಕೊಳ್ಳಲಿ ಎಂದು ಕೊನೆಗೊಮ್ಮೆ ಕೇಳಿದಾಗ ಮಬ್ರೂಕಾ ಒಂಟಿ ಗಾಜಿನ ದುರ್ಬೀನನ್ನು ಸೆರಗಿನಿಂದ ಒರೆಸುತ್ತಿರುತ್ತಾರೆ.

"ಮಬ್ರೂಕಾ ಹೇಳ್ಲಿಲ್ಲ ಅಂತ ಬರ್ಕೊ" ಎನ್ನುತ್ತಾರೆ. "ಅದರ ಕೆಳಗೇ ಇನ್ನೊಂದು ಬರ್ಕೊ. ಸುಳ್ಳೂ ಹೇಳ್ಲಿಲ್ಲ ಅಂತ."